ಎಳೆಯರ ದವಡೆಯ ದ್ರವಚೀಲ: ನಿದಾನ ಮತ್ತು ಚಿಕಿತ್ಸೆಯ ಚರಿತ್ರೆ

ಕೊಪ್ಪಳ ತಾಲ್ಲೂಕಿನ ಕಿನ್ನಾಳವು ಬಣ್ಣದ ಮರದ ಗೊಂಬೆಗಳಿಂದ ನಾಡಿಗೆ ಪರಿಚಿತವಾದ ಊರು. ಆ ಗೊಂಬೆಗಳೊಡನೆ ಆಡಿ ಬೆಳೆದ ಮಕ್ಕಳ ಆರೋಗ್ಯದ ಚರಿತ್ರೆಯೂ ಅಧ್ಯಯನಯೋಗ್ಯವಾದುದು. ಮೂಡದ ಹಲ್ಲಿನ ಸುತ್ತ ದವಡೆಯ ಮೂಳೆಯೊಳಗೆ ಬೆಳೆಯುವ ದ್ರವಚೀಲವನ್ನು ಅದರ ಒಂದು ನಿದರ್ಶನವಾಗಿ ನೋಡಬಹುದು.

ಸುಶ್ರುತ ಸಂಹಿತೆಯು 65 ಮುಖರೋಗಗಳನ್ನು ಏಳು ಸ್ಥಾನಗಳಲ್ಲಿ ವಿಂಗಡಿಸಿದೆ. ಆದರೆ ಮೂಳೆಯೊಳಗಿನ ಸ್ಥಿತಿಯನ್ನು ಕಾಣುವ ಸಾಧನ ಅಂದಿನ ವೈದ್ಯರಿಗಿರಲಿಲ್ಲ. 1895ರಲ್ಲಿ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಮರುವರ್ಷವೇ ಜರ್ಮನಿಯ ಓಟ್ಟೊ ವಾಲ್ಕಾಫ್ 25 ನಿಮಿಷಗಳ ಕಾಲ ಕಿರಣ ಹಾಯಿಸಿ ಹಲ್ಲುಗಳ ಚಿತ್ರ ತೆಗೆದನು. ಅಲ್ಲಿಂದ ಮುಂದೆ ಹುದುಗಿದ ಹಲ್ಲಿನ ಶಿರವನ್ನು ಸುತ್ತುವರಿದ ಕಪ್ಪು ವಲಯವು ನಿದಾನದ ಮುಖ್ಯ ಸೂಚನೆಯಾಯಿತು.

ಮಕ್ಕಳಲ್ಲಿ ಈ ಚೀಲಕ್ಕೆ ಹಲವು ವೇಳೆ ಮೇಲಿನ ಹುಳುಕು ಹಾಲುಹಲ್ಲಿನ ಸೋಂಕೇ ಪ್ರೇರಣೆ. ನೋವಿಲ್ಲದ ಊತ, ಸಕಾಲಕ್ಕೆ ಉದುರದ ಹಾಲುಹಲ್ಲು, ಮೂಡದ ಶಾಶ್ವತ ಹಲ್ಲು ಇದರ ಲಕ್ಷಣಗಳು. ಇತರ ಚೀಲಗಳೂ ಕೆಲವು ಗಡ್ಡೆಗಳೂ ಚಿತ್ರದಲ್ಲಿ ಹೀಗೆಯೇ ಕಾಣುವುದರಿಂದ ಅಂಗಾಂಶ ಪರೀಕ್ಷೆ ಅನಿವಾರ್ಯ.

ಚಿಕಿತ್ಸೆಯಲ್ಲಿ ಬ್ರೆಸ್ಲೌ ನಗರದ ಕಾರ್ಲ್ ಪಾರ್ಟ್ಷ್‌ನ ಹೆಸರು ಸ್ಮರಣೀಯ. 1892ರಲ್ಲಿ ಆತನು ಚೀಲವನ್ನು ಪೂರ್ತಿ ಕೀಳದೆ, ಬಾಯಿಗೆ ತೆರೆದುಕೊಳ್ಳುವಂತೆ ಕಿಂಡಿ ಮಾಡುವ ಕ್ರಮವನ್ನು ವಿವರಿಸಿದನು. ಒಳಗಿನ ಒತ್ತಡ ಇಳಿದೊಡನೆ ಚೀಲ ಕುಗ್ಗುತ್ತದೆ, ಮೂಳೆ ತುಂಬುತ್ತದೆ. ಬೇರು ಇನ್ನೂ ಬೆಳೆಯುತ್ತಿರುವ ಎಳೆಯ ಹಲ್ಲು ಹಲವು ವೇಳೆ ತಾನಾಗಿಯೇ ಮೂಡುತ್ತದೆ. ಚೀಲವನ್ನು ಪೂರ್ಣವಾಗಿ ತೆಗೆಯುವ ಕ್ರಮದಲ್ಲಿ ಆ ಹಲ್ಲೂ ಅದರೊಡನೆ ಹೋಗುವ ಸಂಭವವುಂಟು. ಆದುದರಿಂದ ಮಕ್ಕಳಲ್ಲಿ ಮೊದಲಿನ ಕ್ರಮಕ್ಕೆ ಪ್ರಾಶಸ್ತ್ಯ. ಆದರೆ ಕಿಂಡಿಯನ್ನು ದಿನವೂ ತೊಳೆಯಬೇಕು, ತಿಂಗಳುಗಟ್ಟಲೆ ತಪಾಸಣೆಗೆ ಬರಬೇಕು.

ದೂರದ ಪ್ರಶ್ನೆ ಮುಖ್ಯವಾಗುವುದು ಇಲ್ಲಿಯೇ. ಕೊಪ್ಪಳ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾದುದು 300 ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿ. ಮಣಿಪಾಲದ ಕಾಲೇಜು 1965ರಲ್ಲಿಯೂ ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿಯೂ ಬಂದವು. ಕೊಪ್ಪಳ ಜಿಲ್ಲೆಯಾದುದು 1997ರಲ್ಲಿ; ಅಲ್ಲಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದುದು 2015ರಲ್ಲಿ.

ಹೀಗೆ, ಹಲ್ಲನ್ನು ಉಳಿಸುವ ವಿಧಾನ 1892ರಷ್ಟು ಹಳೆಯದಾದರೂ ಅದಕ್ಕೆ ಬೇಕಾದ ಪದೇ ಪದೇ ಭೇಟಿಯ ಸೌಕರ್ಯ ಗ್ರಾಮಗಳ ಸಮೀಪಕ್ಕೆ ಬಹಳ ತಡವಾಗಿ ಬಂದಿತು. ಕೂಲಿ ಬಿಟ್ಟು ಬರಬೇಕಾದ ತಾಯಿತಂದೆಯರಿಗೆ ಪ್ರತಿ ಭೇಟಿಯೂ ಒಂದು ದಿನದ ಸಂಪಾದನೆಯ ನಷ್ಟ. ಶಾಲಾ ತಪಾಸಣೆಯಲ್ಲಿ ಉದುರದ ಹಾಲುಹಲ್ಲೊಂದನ್ನು ಗುರುತಿಸಿ, ಸಕಾಲದಲ್ಲಿ ಒಂದು ಕ್ಷ-ಕಿರಣ ಚಿತ್ರ ತೆಗೆಸುವುದರಿಂದ ಮಗುವಿನ ಶಾಶ್ವತ ಹಲ್ಲು ಉಳಿಯಬಲ್ಲದು ಎಂಬುದೇ ಈ ಚರಿತ್ರೆಯಿಂದ ತಿಳಿದುಬರುವ ಸಾರ.