ಹಂದಿಗೋಡಿನ ವಂಶವೃಕ್ಷ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ವೈದ್ಯಕೀಯ ಗ್ರಂಥಗಳಲ್ಲಿ ಸೇರಿಹೋಗಿದೆ. ಊರಿನವರು ಹೆಮ್ಮೆಪಡುವ ಕಾರಣಕ್ಕಲ್ಲ. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ಬಡ ದಲಿತ ಕೂಲಿಕಾರರ ಕುಟುಂಬಗಳಲ್ಲಿ ವಿಚಿತ್ರ ಕೀಲುರೋಗವೊಂದು ಬೆಳಕಿಗೆ ಬಂತು. ಸೊಂಟ, ಮೊಣಕಾಲುಗಳಲ್ಲಿ ನೋವು, ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಬ್ಜತನ.

ಮೊದಲಿಗೆ ಸಂಶಯ ಹೋದದ್ದು ಗದ್ದೆಗೆ ಸಿಂಪಡಿಸುವ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿನ್ನುವುದರ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ತಜ್ಞರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು. ಮನೆತನಗಳ ವಂಶವೃಕ್ಷ ಬರೆದು ನೋಡಿದ 1990ರ ದಶಕದ ಅಧ್ಯಯನಗಳು, ಇದು ಮೂಳೆ ಬೆಳವಣಿಗೆಯ ಆನುವಂಶಿಕ ದೋಷವೆಂದು ತೋರಿಸಿದವು. ತಂದೆ ಅಥವಾ ತಾಯಿ ಒಬ್ಬರಲ್ಲಿ ದೋಷವಿದ್ದರೂ ಸಾಕು, ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಆಳಂದ, ಅಫಜಲಪುರ, ಜೇವರ್ಗಿಯ ಓದುಗರು ಇದರಿಂದ ನಮಗೇನು ಎಂದು ಕೇಳಬಹುದು. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಹಳೆಯದು. ಇಂಥ ಮನೆಯಲ್ಲಿ ಮಗುವಿನ ಮೂಳೆ ಸೊಟ್ಟಗಾದರೆ ದೂರು ಬರುವುದು ಸೊಸೆಯ ಮೇಲೆ. ವಿಜ್ಞಾನ ಬೇರೆ ಮಾತು ಹೇಳುತ್ತದೆ. ಹಂದಿಗೋಡು ಬಗೆಯ ದೋಷಕ್ಕೆ ರಕ್ತಸಂಬಂಧ ಬೇಕಿಲ್ಲ. ಇನ್ನು ಕೆಲವು ಮೂಳೆರೋಗಗಳು ತಂದೆ-ತಾಯಿ ಇಬ್ಬರೂ ಒಂದೇ ದೋಷವನ್ನು ಗುಪ್ತವಾಗಿ ಹೊತ್ತಿದ್ದಾಗ ಬರುತ್ತವೆ. ಆಗ ಸಂಭವ ನಾಲ್ಕರಲ್ಲಿ ಒಂದು. ಒಳಸಂಬಂಧದ ಮದುವೆ ಹೆಚ್ಚಿಸುವುದು ಈ ಎರಡನೆಯದನ್ನು. ಅಲ್ಲಿಯೂ ಗಂಡ-ಹೆಂಡತಿಯ ಪಾಲು ಸಮ.

ಹುಟ್ಟುವ ಮೊದಲೇ ತಿಳಿಯಬಹುದೇ? 11ನೇ ವಾರದ ಹೊತ್ತಿಗೆ ಮಾಸಿನ ತುಣುಕು, 15 ವಾರ ಕಳೆದ ಮೇಲೆ ಗರ್ಭಜಲ ತೆಗೆದು ಪರೀಕ್ಷಿಸಬಹುದು. ಆದರೆ ಆ ಮನೆಯ ರೋಗಿಯಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಮೊದಲೇ ಗೊತ್ತಿರಬೇಕು, ಇಲ್ಲವಾದರೆ ಹುಡುಕುವುದೇನನ್ನು? ಸ್ಕ್ಯಾನಿಂಗ್ ಒಂದನ್ನೇ ನಂಬುವಂತಿಲ್ಲ. ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತನದಲ್ಲಿ ಕೈಕಾಲಿನ ಮೂಳೆ ಗಿಡ್ಡವಾಗಿರುವುದು ಸಾಮಾನ್ಯವಾಗಿ ಆರನೇ ತಿಂಗಳ ಸುಮಾರಿಗಷ್ಟೇ ಕಾಣುತ್ತದೆ. ಅದರ ಜೀನ್ ಪತ್ತೆಯಾದದ್ದು 1994ರಲ್ಲಿ.

ಅದೇ ವರ್ಷ ಭಾರತ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆ ಮಾಡಿತು. ಆನುವಂಶಿಕ ರೋಗಗಳ ಪತ್ತೆಗೆ ಅವಕಾಶ; ಲಿಂಗ ತಿಳಿಸುವುದು ಅಪರಾಧ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ನ್ಯೂನತೆಯಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ 24 ವಾರಗಳ ನಂತರವೂ ಅವಕಾಶವಿದೆ. ಆದರೆ ತೀರ್ಮಾನ ಅತ್ತೆಮನೆಯದಲ್ಲ. ಗರ್ಭಿಣಿಯ ಒಪ್ಪಿಗೆ ಬೇಕೇ ಬೇಕು.

ಆದ್ದರಿಂದ ಇಂಥ ಮಗುವಿರುವ ಮನೆಯವರು ಮುಂದಿನ ಬಸಿರಿಗೆ ಮೊದಲೇ ಆ ಮಗುವಿನ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿ ಆನುವಂಶಿಕ ತಜ್ಞರನ್ನು ಕಾಣುವುದು ಒಳಿತು. ಹೋಗುವಾಗ ಎರಡೂ ಕಡೆಯ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಲಿ. ಗದ್ದೆಯಲ್ಲಿ ಹುಡುಕಿದ ಹಂದಿಗೋಡಿನ ಉತ್ತರ ಸಿಕ್ಕಿದ್ದು ಅಲ್ಲಿಯೇ.