ಡಯಾಲಿಸಿಸ್ ದ್ರವದ ಜಲಜನಕ: ಶ್ವಾಸಕೋಶ ದಾಟುವುದೆಷ್ಟು?

ರಕ್ತ ತೊಳೆಯುವ ದ್ರವದಲ್ಲಿ ಜಲಜನಕ ಕರಗಿಸಿದರೆ ಮೂತ್ರಪಿಂಡ ರೋಗಿಗಳಿಗೆ ಒಳಿತು ಎಂಬ ವಾದಕ್ಕೆ ಮುಖ್ಯ ಆಧಾರ ಜಪಾನಿನ ನಕಾಯಾಮಾ ಮತ್ತು ಸಂಗಡಿಗರ 2018ರ ಅಧ್ಯಯನ. 309 ರೋಗಿಗಳಲ್ಲಿ 161 ಮಂದಿಗೆ ವಿದ್ಯುದ್ವಿಭಜನೆಯ ನೀರಿನಿಂದ ಮಾಡಿದ, ಲೀಟರಿಗೆ 30ರಿಂದ 80 ಮೈಕ್ರೋಗ್ರಾಂ ಜಲಜನಕವಿದ್ದ ದ್ರವ; ಉಳಿದ 148 ಮಂದಿಗೆ ಮಾಮೂಲಿನದು. ಸಾವು ಇಲ್ಲವೇ ಹೃದಯ, ಮೆದುಳಿನ ಆಘಾತಗಳು ಮೊದಲ ಗುಂಪಿನಲ್ಲಿ 41, ಎರಡನೆಯದರಲ್ಲಿ 50. ಅಪಾಯದ ಅನುಪಾತ 0.59 (ವಿಶ್ವಾಸ ವ್ಯಾಪ್ತಿ 0.38–0.92). ಚೀಟಿ ಎತ್ತಿ ಹಂಚಿದ ಗುಂಪುಗಳಲ್ಲವಾದ್ದರಿಂದ ಈ ಅಂಕಿಗಳ ಮೇಲೆ ಪೂರ್ತಿ ಭಾರ ಹಾಕಲಾಗದು. ಅದು ಹಳೆಯ ಆಕ್ಷೇಪ. ನನ್ನ ತಕರಾರು ವಿವರಣೆಯ ಬಗ್ಗೆ.

ಜಲಜನಕ ಮೈಯೆಲ್ಲ ಹರಡಿ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ತಣಿಸುತ್ತದೆ ಎಂಬ ನಂಬಿಕೆ ಒಸಾವಾ ತಂಡದ 2007ರ ಲೇಖನದಿಂದ ಬಂದದ್ದು. ಲೆಕ್ಕ ಹಾಕೋಣ. ನಿಮಿಷಕ್ಕೆ 500 ಮಿ.ಲೀ.ನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರವ. ಲೀಟರಿಗೆ 50 ಮೈಕ್ರೋಗ್ರಾಂ ಹಿಡಿದರೆ ಒಟ್ಟು 6 ಮಿಲಿಗ್ರಾಂ. ಅನಿಲವಾಗಿ ಸುಮಾರು 75 ಮಿ.ಲೀ., ಒಂದು ಸಣ್ಣ ಕಾಫಿ ಲೋಟದಷ್ಟು. ಇದೆಲ್ಲವೂ ರಕ್ತಕ್ಕೆ ಇಳಿಯಿತೆಂದೇ ಇಟ್ಟುಕೊಂಡರೂ ಆ ರಕ್ತ ತೋಳಿನ ಫಿಸ್ಟುಲಾದಿಂದ ಹೃದಯದ ಬಲಭಾಗಕ್ಕೆ, ಅಲ್ಲಿಂದ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತದಲ್ಲಿ ಜಲಜನಕ ಕರಗುವುದು ತೀರ ಕಡಿಮೆ. ಅದರ ಬಹುಪಾಲು ಮೊದಲ ಸುತ್ತಿನಲ್ಲೇ ಉಸಿರಿನೊಡನೆ ಹೊರಬೀಳಬೇಕು. ಮೆದುಳಿಗೆ, ಹೃದಯದ ಸ್ನಾಯುವಿಗೆ ಮುಟ್ಟುವುದು ಚೂರುಪಾರು.

ಅಷ್ಟಕ್ಕೂ ಜಲಜನಕ ಮೈಗೆ ಹೊಸದೇನಲ್ಲ. ಪೂರಿಗಾಲಿಯಂಥ ಮಳವಳ್ಳಿ ಸೀಮೆಯ ಊರಿನ ಊಟವನ್ನೇ ನೋಡಿ. ಮುದ್ದೆಯ ಜೊತೆ ಅವರೆಕಾಳು ಸಾರು ಉಂಡವರ ದೊಡ್ಡ ಕರುಳಿನಲ್ಲಿ, ಜೀರ್ಣವಾಗದೆ ಉಳಿದ ರಾಫಿನೋಸ್, ಸ್ಟ್ಯಾಕಿಯೋಸ್‌ಗಳನ್ನು ಬ್ಯಾಕ್ಟೀರಿಯಾಗಳು ಹುಳಿಸಿ ಜಲಜನಕ ಬಿಡುತ್ತವೆ. ಗ್ಯಾಸ್ ಎಂದು ನಾವು ಗೊಣಗುವುದರಲ್ಲಿ ಅದರ ಪಾಲೂ ಉಂಟು. ಅದು ಉಸಿರಿನಲ್ಲಿ ಹೊರಬರುವುದರಿಂದಲೇ ಉಸಿರಿನ ಜಲಜನಕ ಪರೀಕ್ಷೆ ಸಾಧ್ಯವಾಗಿದೆ. (ಪೊಟ್ಯಾಸಿಯಂ ಕಾರಣಕ್ಕೆ ಡಯಾಲಿಸಿಸ್‌ನವರಿಗೆ ಕಾಳಿನಲ್ಲಿ ಕಡಿವಾಣ, ಇದನ್ನು ಪಥ್ಯದ ಸಲಹೆಯೆಂದು ಓದಬಾರದು.) ಕರುಳೇ ಒದಗಿಸುವ ಅನಿಲವನ್ನು ಯಂತ್ರದಿಂದ ಕೊಟ್ಟಾಗ ಹೆಚ್ಚುಗಾರಿಕೆಯೇನಾದರೂ ಇದ್ದರೆ ಅದು ಪ್ರಮಾಣದ್ದಲ್ಲ, ಜಾಗದ್ದು.

ಹಾಗಾಗಿ ನನ್ನ ಊಹೆ ಇದು: ಜಲಜನಕ ಕೆಲಸ ಮಾಡುವುದೇ ಆದರೆ ಅದು ಮುಖ್ಯವಾಗಿ ಡಯಲೈಜರ್‌ನ ಒಳಗೆ, ಬಿಳಿ ರಕ್ತಕಣಗಳು ಪೊರೆಗೆ ತಾಗಿ ಕೆರಳುವ ಕ್ಷಣದಲ್ಲಿ. ನಕಾಯಾಮಾ ತಂಡದ 2010ರ ಪ್ರಯೋಗದಲ್ಲಿ, 21 ರೋಗಿಗಳಲ್ಲಿ ಆರು ತಿಂಗಳಲ್ಲಿ, ಆ ಕಣಗಳದೇ ಕಿಣ್ವವಾದ ಮೈಲೋಪೆರಾಕ್ಸಿಡೇಸ್ ಇಳಿದದ್ದು ಇದಕ್ಕೆ ಹೊಂದುತ್ತದೆ. ಹೊಂದುತ್ತದೆ ಅಷ್ಟೇ, ಸಾಬೀತು ಮಾಡುವುದಿಲ್ಲ. ಅಲ್ಲೇ ರಕ್ತದೊತ್ತಡವೂ ಇಳಿದಿತ್ತು. ಅದನ್ನು ಪೊರೆಯೊಂದರಿಂದಲೇ ವಿವರಿಸುವುದು ನನಗೂ ಕಷ್ಟ. ಪೊರೆಯ ಬಳಿ ತಣಿದ ಕಣಗಳು ಮುಂದೆ ರಕ್ತನಾಳದ ಒಳಪದರವನ್ನು ಕಡಿಮೆ ಕೆಣಕುತ್ತವೆ ಎನ್ನಬಹುದು, ಆದರೆ ಅದು ಊಹೆಯ ಮೇಲೊಂದು ಊಹೆ.

ಪರೀಕ್ಷೆಯ ದಾರಿ ಸರಳವಾಗಿದೆ. ಡಯಲೈಜರ್‌ಗೆ ಹೋಗುವ ಕೊಳವೆ, ಬರುವ ಕೊಳವೆ ಮತ್ತು ರೋಗಿಯ ಉಸಿರು, ಈ ಮೂರರಲ್ಲೂ ಜಲಜನಕ ಅಳೆಯಬೇಕು. ಹೋಲಿಕೆಯ ಗುಂಪಿಗೆ ಅದೇ ವಿದ್ಯುದ್ವಿಭಜನೆಯ ನೀರನ್ನು, ಅನಿಲ ತೆಗೆದು ಕೊಡಬೇಕು. ಇಲ್ಲವಾದರೆ ಗುಣ ಅನಿಲದ್ದೋ ನೀರಿನದ್ದೋ ತಿಳಿಯದು. ಜಪಾನಿನಲ್ಲಿ ವಾರಕ್ಕೆ ಮೂರು ಸಲ ನಡೆಯುವ ಡಯಾಲಿಸಿಸ್ ನಮ್ಮಲ್ಲಿ ಹಲವರಿಗೆ ಎರಡೇ ಸಲ. ಅಲ್ಲಿನ ಫಲ ಇಲ್ಲಿಗೆ ಎಷ್ಟು ಸಲ್ಲುತ್ತದೆ ಎಂಬುದು ಬೇರೆಯೇ ಪ್ರಶ್ನೆ.