ಡಿಶ್ ಇಲ್ಲದ ದೂರದರ್ಶಕ: ಗೌರಿಬಿದನೂರಿನಲ್ಲಿ ಮೂಡಿದ ಆಕಾಶದ ನಕ್ಷೆ

ರೇಡಿಯೊ ದೂರದರ್ಶಕ ಎಂದ ಕೂಡಲೇ ಕಣ್ಣಮುಂದೆ ಬರುವುದು ದೊಡ್ಡ ಡಿಶ್. ಆದರೆ ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದ ಗೌರಿಬಿದನೂರಿನಲ್ಲಿ ಇಡೀ ಆಕಾಶದ ಬಹುಭಾಗವನ್ನು ಅಳೆದದ್ದು ಕಂಬಗಳಿಗೆ ಕಟ್ಟಿದ ತಂತಿಯ ಆಂಟೆನಾಗಳು.

ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ (ಐಐಎ) ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜಂಟಿಯಾಗಿ ಕಟ್ಟಿದ ಈ ದೂರದರ್ಶಕ ಕೆಲಸ ಆರಂಭಿಸಿದ್ದು 1976ರಲ್ಲಿ. ಇಂಗ್ಲಿಷ್‌ನ 'ಟಿ' ಅಕ್ಷರದ ಆಕಾರದಲ್ಲಿ 1000 ಡೈಪೋಲ್ ಆಂಟೆನಾಗಳು. ಪೂರ್ವ-ಪಶ್ಚಿಮ ತೋಳು 1.4 ಕಿ.ಮೀ., ದಕ್ಷಿಣದ ತೋಳು 450 ಮೀಟರ್.

ಇಷ್ಟು ಉದ್ದ ಏಕೆ? ಇದು ಆಲಿಸುತ್ತಿದ್ದ ಆವರ್ತನ 34.5 ಮೆಗಾಹರ್ಟ್ಸ್. ಅಂದರೆ ಒಂದೊಂದು ಅಲೆಯೂ ಸುಮಾರು 8.7 ಮೀಟರ್ ಉದ್ದ. ಅಲೆ ಉದ್ದವಾದಷ್ಟೂ ಚಿತ್ರ ಮಸುಕಾಗುತ್ತದೆ. ಸ್ಪಷ್ಟತೆ ಬೇಕೆಂದರೆ ದೂರದರ್ಶಕವನ್ನೇ ಹಿಗ್ಗಿಸಬೇಕು. ಕಿಲೋಮೀಟರ್ ಅಗಲದ ಡಿಶ್ ಕಟ್ಟುವುದಂತೂ ಆಗದ ಮಾತು. ಬದಲಿಗೆ ಎರಡೂ ತೋಳುಗಳ ಸಂಕೇತಗಳನ್ನು ಲೆಕ್ಕಾಚಾರದಲ್ಲಿ ಜೋಡಿಸಲಾಯಿತು. ಭೂಮಿ ತಿರುಗಿದಂತೆ ಆಕಾಶವೇ ಆಂಟೆನಾಗಳ ಮೇಲೆ ಹಾದುಹೋಗುತ್ತಿತ್ತು. ಇಷ್ಟೆಲ್ಲ ಮಾಡಿಯೂ ಸಿಕ್ಕ ಸ್ಪಷ್ಟತೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನ ಅಗಲದಷ್ಟು!

ರಾಮನ್ ಸಂಸ್ಥೆಯ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಈ ನಕ್ಷೆ ಪ್ರಕಟಿಸಿದರು. ಖಗೋಳದ ದಕ್ಷಿಣ 50 ಡಿಗ್ರಿಯಿಂದ ಉತ್ತರ 70 ಡಿಗ್ರಿವರೆಗಿನ ಆಕಾಶ ಅದರಲ್ಲಿದೆ.

ಬೆಳಕಿನ ಸಮೀಪದ ವೇಗದಲ್ಲಿ ಓಡುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುವಾಗ ರೇಡಿಯೊ ಅಲೆ ಹೊಮ್ಮಿಸುತ್ತವೆ. ಕಾಲ ಕಳೆದು ಶಕ್ತಿ ಕುಂದಿದ ಎಲೆಕ್ಟ್ರಾನ್‌ಗಳು ಹೆಚ್ಚಿನ ಆವರ್ತನದಲ್ಲಿ ಕಾಣದಾದರೂ ಕಡಿಮೆ ಆವರ್ತನದಲ್ಲಿ ಕಾಣುತ್ತವೆ. ಸಿಡಿದ ನಕ್ಷತ್ರಗಳ ಅವಶೇಷ, ಹಳೆಯ ಗ್ಯಾಲಕ್ಸಿಗಳ ಚರಿತ್ರೆ ತಿಳಿಯಲು ಇಂಥ ಸಮೀಕ್ಷೆ ಬೇಕಾಗುವುದು ಇದಕ್ಕೇ.

ತೊಂದರೆ ಇರುವುದು ತಲೆಯ ಮೇಲೆಯೇ. ಶಾರ್ಟ್‌ವೇವ್ ರೇಡಿಯೊದಲ್ಲಿ ದೂರದೇಶದ ಕೇಂದ್ರ ಕೇಳಿಸುವುದು ಅಯಾನುಗೋಳ ಅಲೆಗಳನ್ನು ಕೆಳಗೆ ತಿರುಗಿಸುವುದರಿಂದ. ಅದೇ ಪದರ ಆಕಾಶದಿಂದ ಬರುವ ಅಲೆಗಳನ್ನೂ ಬಾಗಿಸಿ, ನಕ್ಷತ್ರಲೋಕದ ಮೂಲಗಳು ಸ್ಥಾನ ಬದಲಿಸಿದಂತೆ ತೋರಿಸುತ್ತದೆ. ಜೊತೆಗೆ ಮನುಷ್ಯರ ಪ್ರಸಾರ, ವಿದ್ಯುತ್ ಉಪಕರಣಗಳ ಗದ್ದಲ ಬೇರೆ.

ಬಳಿಕ ಪುಣೆ ಬಳಿಯ ಖೋಡದ್‌ನಲ್ಲಿರುವ 30 ಡಿಶ್‌ಗಳ ಜಿಎಂಆರ್‌ಟಿ, 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಶೇ 90ರಷ್ಟನ್ನು ಸಮೀಕ್ಷೆ ಮಾಡಿತು. ಆ ದತ್ತಾಂಶದಿಂದ 6 ಲಕ್ಷಕ್ಕೂ ಹೆಚ್ಚು ರೇಡಿಯೊ ಮೂಲಗಳ ಪಟ್ಟಿ ಸಿದ್ಧವಾಗಿದೆ. ಗೌರಿಬಿದನೂರಿನಲ್ಲಿ 1997ರಿಂದ ಮತ್ತೊಂದು ಆಂಟೆನಾ ಸಮೂಹವಿದೆ. ಅದರ ಗಮನ ಸೂರ್ಯನ ಹೊರವಲಯವಾದ ಕರೋನಾದ ಮೇಲೆ.